ತುಂಬದ ಚೌಕ

ಹತ್ತನೇ ತರಗತಿಯವರಿಗೆ ಗುರಿ ಇಟ್ಟುಕೊಳ್ಳುವುದನ್ನು ಕಲಿಸಬೇಕು ಎಂದು ಹೆಡ್‌ಮಾಸ್ಟರು ಹೇಳಿದಾಗ ರುಮ್ಯಾನಾ ಈ ಸಲ ಒಲ್ಲೆ ಎನ್ನಲಿಲ್ಲ. ಹೋದ ವರ್ಷ ಭೂಗೋಳದ ಪಾಠ ಹಿಂದೆ ಬಿದ್ದಿದೆ ಎಂದು ನೆಪ ಹೇಳಿ ತಪ್ಪಿಸಿಕೊಂಡಿದ್ದಳು. ಅದಕ್ಕೂ ಮುಂಚೆ, ಡ್ಯಾನ್ಯೂಬ್ ದಂಡೆಯ ಆ ಊರಿನ ಶಾಲೆಯಲ್ಲಿ ಈ ಪಾಠವನ್ನು ಅವಳಷ್ಟು ಚೆನ್ನಾಗಿ ಮಾಡುವವರು ಇನ್ನೊಬ್ಬರಿರಲಿಲ್ಲ. ಮಗಳು ಇಸ್ಕ್ರಾ ಹೋದ ಮೇಲೆ ಬಿಟ್ಟಿದ್ದಳು. ಯಾಕೆ ಬಿಟ್ಟೆ ಎಂದು ಯಾರೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ.

ಅಕ್ಟೋಬರ್ ಮೊದಲ ಶುಕ್ರವಾರ, ಕೊನೆಯ ಪೀರಿಯಡ್. ಇಪ್ಪತ್ತೊಂದು ಮಕ್ಕಳು ಚೀಲ ಕಟ್ಟಿಕೊಂಡು ಗಂಟೆ ಹೊಡೆಯುವುದನ್ನೇ ಕಾಯುತ್ತಿದ್ದರು.

"ಬೊಯಾನ್, ನಿನ್ನ ಗುರಿ ಏನಪ್ಪಾ?"

"ಕೋಟ್ಯಧಿಪತಿ ಆಗೋದು ಮೇಡಂ."

"ಒಳ್ಳೇದು. ಅದಕ್ಕೆ ನಾಳೆ ಬೆಳಿಗ್ಗೆ ಎದ್ದು ಏನ್ ಮಾಡ್ತೀಯ?"

"ನಾಳೆ ಶನಿವಾರ ಅಲ್ವಾ ಮೇಡಂ, ಏಳೋದೇ ಇಲ್ಲ."

ತರಗತಿ ನಕ್ಕಿತು. ರುಮ್ಯಾನಾಳೂ ನಕ್ಕಳು.

"ಹಾಗಾದ್ರೆ ಅದು ಕನಸು ಕಣೋ, ಹಾಸಿಗೆಲೇ ಇರಲಿ ಬಿಡು. ಗಣಿತದಲ್ಲಿ ಆರಕ್ಕೆ ಎಷ್ಟು ಬಂತು ಹೋದ ಸಲ?"

"ಮೂರು. ಅದೂ ಮೇಷ್ಟ್ರು ಪಾಪ ಅಂತ ಕೊಟ್ಟಿದ್ದು."

"ದಿನಕ್ಕೆ ಎರಡು ಲೆಕ್ಕ ಮಾಡು. ಹಾಳೆಯಲ್ಲಿ ದಿನಕ್ಕೊಂದು ಚೌಕ, ಮಾಡಿದ ದಿನ ಅದರಲ್ಲಿ ಒಂದು ಟಿಕ್."

"ಎರಡೇನಾ?"

"ಎರಡೇ. ಹತ್ತು ಅಂದ್ರೆ ಬುಧವಾರದೊಳಗೆ ಕೈ ಎತ್ತಿಬಿಡ್ತೀಯ ನೀನು."

ಹೀಗೆ ಒಬ್ಬೊಬ್ಬರ ಆಸೆಯನ್ನೂ ಹಿಡಿದು, ಬೆಳಿಗ್ಗೆ ಎದ್ದು ಮಾಡಬಹುದಾದ ಒಂದು ಸಣ್ಣ ಕೆಲಸಕ್ಕೆ ಇಳಿಸುವುದು ಅವಳ ರೀತಿ. ಕಿಟಕಿ ಪಕ್ಕದ ನೆವೆನಾಗೆ ಮಾತ್ರ ಇಳಿಸುವ ಅಗತ್ಯವಿರಲಿಲ್ಲ. ಅವಳು ದೋಣಿ ಹುಟ್ಟು ಹಾಕುವ ಹುಡುಗಿ, ನೀಳ ಕೈಗಳು, ಅಂಗೈ ತುಂಬ ಗುಳ್ಳೆಗಳ ಗುರುತು. ವಸಂತದ ರಾಷ್ಟ್ರೀಯ ಸ್ಪರ್ಧೆಗೆ ಆಯ್ಕೆಯಾಗಬೇಕು, ಅದಕ್ಕೆ ದಿನಾ ಶಾಲೆಗೆ ಮುಂಚೆ ನದಿಯಲ್ಲಿ ಆರು ಕಿಲೋಮೀಟರ್ ಎಂದಳು.

"ದಿನಾನಾ?"

"ದಿನಾ ಮೇಡಂ. ಒಂದು ಚೌಕಾನೂ ಖಾಲಿ ಬಿಡಲ್ಲ."

ಬೋರ್ಡಿನ ಮೇಲೆ ರುಮ್ಯಾನಾಳ ಸೀಮೆಸುಣ್ಣ ನಿಂತಿತು. ಎಲ್ಲೋ ಹೊರಗೆ ಸೈಕಲ್ಲೊಂದು ಪೆಡಲ್ ತುಳಿಯದೆ ಹರಿದುಹೋದ ಸದ್ದು, ಟಿಕ್ ಟಿಕ್ ಟಿಕ್. ಅವಳು ಕಿಟಕಿಯತ್ತ ನೋಡಲಿಲ್ಲ. ನೋಡಿದರೆ ಅಲ್ಲಿ ಸೈಕಲ್ ಇರುವುದಿಲ್ಲ ಎಂಬುದು ಎರಡು ವರ್ಷದಿಂದ ಗೊತ್ತಿತ್ತು.

ಆ ವಾರದ ಕೊನೆಯಲ್ಲಿ ಮನೆಯಲ್ಲಿ ಕೂತು ಒಂದು ನಮೂನೆ ಮಾಡಿದಳು. ಮೇಲೆ ಫೋಟೋ, ಅದರ ಕೆಳಗೆ ದಪ್ಪಕ್ಷರದಲ್ಲಿ ಪೂರ್ತಿ ಹೆಸರು, ಆಮೇಲೆ ಗುರಿ ಒಂದೇ ಸಾಲಿನಲ್ಲಿ. ಅದರಡಿ ದಿನದ ಚೌಕಗಳು. ತುದಿಯಲ್ಲಿ ಹಿಂತಿರುಗಿ ನೋಡಬೇಕಾದ ದಿನಗಳು: ನಲವತ್ತು ದಿನ, ಮೂರು ತಿಂಗಳು, ಆರು ತಿಂಗಳು, ಒಂದು ವರ್ಷ. ಅಂದವಾಗಿರಲಿ ಎಂದು ಸುತ್ತ ಒಂದು ಗೆರೆ. ಮುದ್ರಿಸಲು ಝಿವ್ಕೋನ ಅಂಗಡಿಗೆ ಕೊಟ್ಟಳು. ಅವನು ಅವಳ ಜೊತೆ ಓದಿದವನು, ಊರಿನ ಸಾವಿನ ಕಾಗದಗಳೆಲ್ಲ ಅವನಲ್ಲೇ ಅಚ್ಚಾಗುವುದು. ಯಾರು ಸತ್ತರೂ ಅವರ ಫೋಟೋ, ಹೆಸರು ಇರುವ ಕಾಗದ ಮನೆಯ ಗೇಟಿಗೆ, ಬಸ್ ನಿಲ್ದಾಣಕ್ಕೆ, ರಸ್ತೆಯ ಮರಕ್ಕೆ ಅಂಟುತ್ತದೆ. ನಲವತ್ತನೇ ದಿನಕ್ಕೆ ಹೊಸದು, ಆರು ತಿಂಗಳಿಗೆ ಇನ್ನೊಂದು, ವರ್ಷಕ್ಕೆ ಮತ್ತೊಂದು. ಹಳೆಯದನ್ನು ಯಾರೂ ಕೀಳುವುದಿಲ್ಲ, ಮಳೆ ಬಿಸಿಲು ತಿಂದು ತಾನಾಗಿ ಹೋಗಬೇಕು.

ಝಿವ್ಕೋ ನಮೂನೆಯನ್ನು ಬೆಳಕಿಗೆ ಹಿಡಿದು ಎರಡು ಸಲ ನೋಡಿದ. "ಹೀಗೇ ಇರ್ಲಾ ರುಮ್ಯಾನಾ?"

"ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗೇ ಇದೆ." ಕನ್ನಡಕ ತೆಗೆದು ಒರೆಸಿದ. "ಇಸ್ಕ್ರಾಳ ಎರಡು ವರ್ಷದ್ದೂ ತಯಾರಿದೆ. ನವೆಂಬರ್‌ನಲ್ಲಿ ಬಂದು ತಗೊಂಡು ಹೋಗು."

ಹಾಳೆಗಳು ತರಗತಿಯ ಬಾಗಿಲಿಗೂ ಗೋಡೆಗೂ ಅಂಟಿದವು. ಬೊಯಾನ್ ತನ್ನದನ್ನು ನೋಡಿ, "ಫೋಟೋ ಸಖತ್ ಆಗಿ ಬಂದಿದೆ, ಇದನ್ನೇ ಇಟ್ಕೊಳ್ಳಿ, ಮುಂದೆ ಬೇಕಾಗುತ್ತೆ" ಎಂದ. ಪಕ್ಕದವನು ಅವನ ಪಕ್ಕೆಗೆ ತಿವಿದ. ರುಮ್ಯಾನಾಗೆ ಅರ್ಥವಾಗಲಿಲ್ಲ.

ಅರ್ಥವಾದದ್ದು ಮುಂದಿನ ವಾರ, ಪೋಷಕರ ಸಭೆಯಲ್ಲಿ. ನೆವೆನಾಳ ಅಪ್ಪ ಅಮ್ಮ ಇಟಲಿಯಲ್ಲಿ ಕೆಲಸದಲ್ಲಿದ್ದರು, ಅವಳನ್ನು ಸಾಕುತ್ತಿದ್ದದ್ದು ತ್ಸ್ವೆತಾ ಅಜ್ಜಿ. ಅಜ್ಜಿ ಚೀಸ್ ತುಂಬಿದ ಬನಿತ್ಸಾ ಬೇಯಿಸಿ, ತಟ್ಟೆ ಸಮೇತ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಬಾಗಿಲ ಬಳಿ ಬಂದವಳ ಕೈಯಿಂದ ತಟ್ಟೆ ಬಿದ್ದು ಒಡೆಯಿತು.

"ಅಯ್ಯೋ ಟೀಚರಮ್ಮ! ಯಾರು ಅಂಟಿಸಿದ್ದು ಇದನ್ನ? ನನ್ನ ಮಗು ಇನ್ನೂ ಉಸಿರಾಡ್ತಾ ಇದೆ!"

"ಅಜ್ಜಿ, ಅದು ಗುರಿಯ ಹಾಳೆ..."

"ಏನ್ ಗುರಿಯಮ್ಮಾ? ನಲವತ್ತು ದಿನ ಅಂತ ಬರೆದಿದೆಯಲ್ಲ! ಓದೋಕೆ ಬರುತ್ತೆ ನನಗೆ! ನಮ್ಮ ಮನೆಯವರದ್ದು ಆರು ಸಲ ಅಂಟಿಸಿದ್ದೀನಿ ನಾನು!"

ರುಮ್ಯಾನಾ ತಿರುಗಿ ನೋಡಿದಳು. ಇಪ್ಪತ್ತೊಂದು ಮುಖಗಳು, ಇಪ್ಪತ್ತೊಂದು ಹೆಸರುಗಳು, ಸುತ್ತ ಕಪ್ಪು ಗೆರೆ. ತನ್ನ ಮನೆಯ ಗೇಟಿನ ಮೇಲೆ ಇರುವುದೂ ಇದೇ ಹಾಳೆ, ಇದೇ ಅಳತೆ, ಇದೇ ಅಕ್ಷರ.

"ನಿಮಗೆಲ್ಲ ಗೊತ್ತಿತ್ತಾ?" ಮರುದಿನ ಮಕ್ಕಳನ್ನು ಕೇಳಿದಳು.

ಎಲ್ಲರೂ ಬೆಂಚು ನೋಡಿದರು. ಕೊನೆಗೆ ಬೊಯಾನ್ ಹೇಳಿದ, "ಮೊದಲ ದಿನಾನೇ ಗೊತ್ತಾಯ್ತು ಮೇಡಂ. ನಿಮಗೆ ಹೇಳೋಕೆ ಬಾಯಿ ಬರ್ಲಿಲ್ಲ."

ಹಾಳೆಗಳನ್ನು ತಾನೇ ಒಂದೊಂದಾಗಿ ಬಿಡಿಸಿದಳು. ಫೋಟೋ ಇಲ್ಲದ, ಗೆರೆ ಇಲ್ಲದ, ನಲವತ್ತು ದಿನ ಇಲ್ಲದ ಹೊಸ ಹಾಳೆ ಬಂತು. ಅಜ್ಜಿಗೆ ಹೊಸ ತಟ್ಟೆ ಕೊಂಡುಕೊಟ್ಟಳು. ತಪ್ಪು ತಿದ್ದಿದಂತಾಯಿತು ಅಂದುಕೊಂಡಳು. ಚೌಕಗಳು ಮಾತ್ರ ಮುಂಚಿನಂತೆಯೇ ಉಳಿದವು.

ಮಕ್ಕಳು ತುಂಬತೊಡಗಿದರು. ಬೊಯಾನನ ಸಾಲಿನಲ್ಲಿ ಹಲ್ಲು ಉದುರಿದಂತೆ ಅಲ್ಲಲ್ಲಿ ಖಾಲಿ, ಆದರೂ ಆರಕ್ಕೆ ನಾಲ್ಕು ಬಂತು. ನೆವೆನಾಳ ಸಾಲಿನಲ್ಲಿ ಒಂದೂ ಖಾಲಿ ಇಲ್ಲ. ಶೀತವಾಗಿ ಮೂಗು ಸುರಿಯುತ್ತಿದ್ದ ದಿನವೂ ಟಿಕ್, ಅಂಗೈ ಒಡೆದು ಬಟ್ಟೆ ಸುತ್ತಿಕೊಂಡು ಬಂದ ದಿನವೂ ಟಿಕ್. ಬಲಕ್ಕೆ ಓರೆಯಾಗಿ ಎಳೆದ ಆ ಟಿಕ್‌ಗಳನ್ನು ನೋಡಿದಾಗೆಲ್ಲ ರುಮ್ಯಾನಾಗೆ ಮನೆಯ ಫ್ರಿಜ್ ಬಾಗಿಲಿನ ಹಾಳೆ ಕಣ್ಣಿಗೆ ಬರುತ್ತಿತ್ತು. ಇಸ್ಕ್ರಾಳ ಸೈಕಲ್ ಹಾಳೆ. ದಿನಾ ಬೆಳಿಗ್ಗೆ ಹನ್ನೆರಡು ಕಿಲೋಮೀಟರ್. ಐವತ್ತೆಂಟು ಟಿಕ್, ಎಲ್ಲ ಹೀಗೇ ಓರೆ. ಐವತ್ತೊಂಬತ್ತನೆಯದು ಖಾಲಿ. ಆ ಹಾಳೆಯನ್ನು ರುಮ್ಯಾನಾ ತೆಗೆದಿರಲೂ ಇಲ್ಲ, ಅದರ ಎದುರು ನಿಂತು ಓದಿರಲೂ ಇಲ್ಲ.

ನವೆಂಬರ್ ನಡುವಿನ ಒಂದು ಬುಧವಾರ ಬೆಳಿಗ್ಗೆ ಕಿಟಕಿ ತೆಗೆದರೆ ಗೇಟು ಕಾಣಲಿಲ್ಲ. ನದಿಯಿಂದ ಎದ್ದ ಮಂಜು ಬೀದಿಗೆಲ್ಲ ಹಾಲಿನ ಹಾಗೆ ತುಂಬಿತ್ತು. ಇಸ್ಕ್ರಾ ಹೋಗಿ ಎರಡು ವರ್ಷವಾಗಲು ನಾಲ್ಕೇ ದಿನ. ಝಿವ್ಕೋ ಕೊಟ್ಟ ಕಾಗದಗಳ ಕಟ್ಟು ಮೇಜಿನ ಮೇಲೆ ಹಾಗೇ ಇತ್ತು. ಕೋಟು ತೊಟ್ಟು ಹೊರಟಳು. ಅಂಗಡಿ ಬೀದಿಯ ತಿರುವಿನಲ್ಲಿ ಆ ಸದ್ದು ಬಂತು, ಟಿಕ್ ಟಿಕ್ ಟಿಕ್, ಅವಳ ಬದಿಯಲ್ಲೇ, ಅವಳ ಹೆಜ್ಜೆಗೆ ಸರಿಯಾಗಿ. ಶಾಲೆ ಎಡಕ್ಕೆ. ಸದ್ದು ಬಲಕ್ಕೆ, ನದಿಯ ಕಡೆ ಹೋಯಿತು.

ಆಗ ಅವಳಿಗೆ ನೆವೆನಾಳ ಮಾತು ಹೊಳೆಯಿತು. ಒಂದು ಚೌಕಾನೂ ಖಾಲಿ ಬಿಡಲ್ಲ.

ಐವತ್ತು ದಾಟಿದ ಹೆಂಗಸು ಓಡಿದಳು.

ದೋಣಿಕಟ್ಟೆಯಲ್ಲಿ ತರಬೇತುದಾರ ಇರಲಿಲ್ಲ. ಅಂಥ ದಿನ ಯಾರೂ ಇಳಿಯುವುದಿಲ್ಲವೆಂದು ಅವನು ಬಂದೇ ಇರಲಿಲ್ಲ. ನೆವೆನಾ ಒಬ್ಬಳೇ ಕಿರುದೋಣಿಯನ್ನು ಹೆಗಲಿನಿಂದ ನೀರಿಗೆ ಇಳಿಸುತ್ತಿದ್ದಳು. ಮಂಜಿನೊಳಗೆ ಎಲ್ಲೋ ಸರಕಿನ ಹಡಗೊಂದು ಕೂಗು ಹಾಕಿತು. ಹತ್ತಿರವೋ ದೂರವೋ ತಿಳಿಯುವಂತಿರಲಿಲ್ಲ.

"ನೆವೆನಾ! ಬಿಡು ಅದನ್ನ!"

ಹುಡುಗಿ ಬೆಚ್ಚಿದಳು. "ಮೇಡಂ? ನೀವಿಲ್ಲಿ?"

"ಮೇಲೆ ಬಾ."

"ದಡದ ಪಕ್ಕದಲ್ಲೇ ಹೋಗ್ತೀನಿ ಮೇಡಂ. ಅರ್ಧ ಗಂಟೆ ಅಷ್ಟೇ."

"ಹಡಗಿನವನಿಗೆ ನೀನು ಕಾಣಲ್ಲ. ನಿನಗೆ ಹಡಗು ಕಾಣಲ್ಲ."

"ಇವತ್ತು ಬಿಟ್ರೆ ಚೌಕ ಖಾಲಿ ಉಳಿಯುತ್ತಲ್ಲ. ನೀವೇ ಹೇಳಿಕೊಟ್ಟಿದ್ದು."

ರುಮ್ಯಾನಾ ಕಟ್ಟೆಯ ಒದ್ದೆ ಹಲಗೆಯ ಮೇಲೆ ಕೂತುಬಿಟ್ಟಳು. ಯಾರಿಗೂ ಹೇಳದ್ದು, ಗಂಡನಿಗೂ ಹೇಳದ್ದು, ಬಾಯಿಗೆ ಬಂತು.

"ನನ್ನ ಮಗಳು ಅವತ್ತು ಹೋಗಲ್ಲ ಅಂದಿದ್ಲು ಕಣೇ. ಅಡುಗೆಮನೆ ಬಾಗಿಲಲ್ಲಿ ನಿಂತು, ಅಮ್ಮ, ಹೊರಗೆ ಏನೂ ಕಾಣಿಸ್ತಿಲ್ಲ, ಇವತ್ತು ಬೇಡ ಅಂದ್ಲು. ನಾನು ಕಾಫಿ ಕಾಯಿಸ್ತಾ ಇದ್ದೆ. ತಿರುಗಿ ಕೂಡ ನೋಡ್ಲಿಲ್ಲ. ಬೇಡ ಅಂದ್ರೆ ಬೇಡ ಬಿಡು, ಚೌಕ ಖಾಲಿ ಉಳಿಯುತ್ತೆ ಅಷ್ಟೇ, ಅಂದೆ. ಸೈಕಲ್ ತಗೊಂಡು ಹೋದ್ಲು. ಲಾರಿಯವನಿಗೆ ಕಾಣಿಸ್ಲಿಲ್ಲ."

ನೆವೆನಾ ಹುಟ್ಟನ್ನು ಹಲಗೆಯ ಮೇಲಿಟ್ಟಳು. ಆಮೇಲೆ ಹಡಗು ಮತ್ತೆ ಕೂಗಿತು, ಈ ಸಲ ತೀರ ಹತ್ತಿರ. ಕರಿಯ ಗೋಡೆಯಂಥದ್ದೊಂದು ದಡದ ಪಕ್ಕದಲ್ಲೇ ಸರಿದುಹೋಯಿತು. ಅದರ ಅಲೆ ಬಂದು ಖಾಲಿ ದೋಣಿಯನ್ನು ಎತ್ತಿ ಕಟ್ಟೆಗೆ ಕುಕ್ಕಿತು.

ಇಬ್ಬರೂ ಸೇರಿ ದೋಣಿಯನ್ನು ಮೇಲಕ್ಕೆಳೆದರು.

ಶಾಲೆಗೆ ಬಂದ ಮೇಲೆ ರುಮ್ಯಾನಾ ಎಲ್ಲರ ಎದುರು ನೆವೆನಾಳ ಹಾಳೆಯ ಮುಂದೆ ನಿಂತು, ಆ ದಿನದ ಚೌಕದಲ್ಲಿ ಬರೆದಳು: ಮಂಜು. ಇಳಿಯಲಿಲ್ಲ.

"ಮಾಡದ ದಿನವನ್ನೂ ಬರೀಬೇಕು. ಯಾಕೆ ಮಾಡ್ಲಿಲ್ಲ ಅಂತ. ಇದನ್ನ ನಾನು ನಿಮಗೆ ಹೇಳಿಕೊಟ್ಟಿರಲಿಲ್ಲ, ತಪ್ಪು ನನ್ನದು."

"ಮೇಡಂ, ಮಂಗಳವಾರ ನನ್ನ ರೂಮಲ್ಲೂ ಮಂಜು ಮೇಡಂ. ಪುಸ್ತಕಾನೇ ಕಾಣಿಸ್ಲಿಲ್ಲ" ಎಂದ ಬೊಯಾನ್.

"ಸೋಮಾರಿತನ ಅಂತ ಬರಿ. ಅದಕ್ಕೂ ಜಾಗ ಇದೆ."

ಮಕ್ಕಳು ನಕ್ಕರು. ನೆವೆನಾ ನಗಲಿಲ್ಲ. ಎದ್ದು ಬಂದು, ಶೀತದ ದಿನದ ಟಿಕ್ ಪಕ್ಕದಲ್ಲಿ ಸಣ್ಣದಾಗಿ ಏನೋ ಬರೆದು ಹೋಗಿ ಕೂತಳು. ರುಮ್ಯಾನಾ ಆಮೇಲೆ ಓದಿದಳು: ಹೋಗಬಾರದಿತ್ತು.

ಸಂಜೆ ಮನೆಯಲ್ಲಿ ಕೋಟನ್ನೂ ಬಿಚ್ಚದೆ ಫ್ರಿಜ್ ಎದುರು ನಿಂತಳು. ಎರಡು ವರ್ಷದ ಅಡುಗೆಯ ಆವಿಗೆ ಹಾಳೆ ಹಳದಿಯಾಗಿ ಅಂಚು ಮುದುರಿತ್ತು. ಐವತ್ತೆಂಟು ಟಿಕ್‌ಗಳನ್ನು ಬೆರಳಿಟ್ಟು ಒಂದೊಂದಾಗಿ ದಾಟಿದಳು. ಖಾಲಿ ಚೌಕದ ಬಳಿ ಪೆನ್ನು ಒತ್ತಿ ಮಂಜು ಎಂದು ಬರೆದಳು. ಹೋಗಲಿಲ್ಲ ಎಂದು ಬರೆಯಲು ಕೈ ಮುಂದಾಯಿತು. ಅದನ್ನು ಬರೆದರೆ ಸುಳ್ಳಾಗುತ್ತಿತ್ತು. ಚೌಕದೊಳಗೆ ಹಿಡಿಸುವ ಹಾಗೆ ಅಕ್ಷರಗಳನ್ನು ಚಿಕ್ಕದು ಮಾಡಿ ಬರೆದಳು: ಅಮ್ಮ ಕಳಿಸಿದಳು.

ಆಮೇಲೆ ಅಂಟು ಕಲಸಿ, ಎರಡು ವರ್ಷದ ಕಾಗದ ತೆಗೆದುಕೊಂಡು ಗೇಟಿಗೆ ಹೋದಳು. ಮಂಜು ಇನ್ನೂ ಕರಗಿರಲಿಲ್ಲ. ಮಗಳ ಮುಖವನ್ನು ಅಂಗೈಯಿಂದ ಸವರಿ ನೆರಿಗೆ ಬಿಡಿಸುತ್ತಿರುವಾಗ ಬೀದಿಯ ಆ ತುದಿಯಿಂದ ಸದ್ದು ಬಂತು, ಟಿಕ್ ಟಿಕ್ ಟಿಕ್. ಹತ್ತಿರವಾಯಿತು. ಅವಳ ಬೆನ್ನ ಹಿಂದೆ ಬಂದು ನಿಧಾನವಾಯಿತು.

ಇಷ್ಟು ದಿನ ತಿರುಗಿ ನೋಡದವಳು ಈ ಸಲ ತಿರುಗಿ ನೋಡಿದಳು.