ನಗುವ ಮುಖವನ್ನೇ ಒತ್ತಿದವಳು

ಶಿವರಾತ್ರಿ ಕಳೆದು ಬಿಸಿಲು ಬಲಿಯತೊಡಗಿದ್ದ ದಿನಗಳು. ಮಧ್ಯಾಹ್ನ ಬುತ್ತಿ ಬಿಚ್ಚುವ ಹೊತ್ತಿಗೆ ಹುಸೇನಪ್ಪ ತೆಲುಗು ಸೀಮೆಯ ಉಪ್ಪಲ್‌ನಲ್ಲಿ ಕಟ್ಟಡವೊಂದರ ಸಾರುವೆಯ ಹಲಗೆಯಿಂದ ಬಿದ್ದ. ಕೆಳಗೆ ಮರಳು ಸೋಸುತ್ತಿದ್ದ ಹೆಂಡತಿ ಹುಸೇನಮ್ಮನಿಗೆ ಮೊದಲು ಕಂಡದ್ದು ಅವನ ಒಂಟಿ ಚಪ್ಪಲಿ. ಯಾದಗಿರಿ ಕಡೆಯಿಂದ ಇಬ್ಬರೂ ಜೊತೆಯಾಗಿ ದುಡಿಯಲು ಬಂದವರು.

ತಲೆಗೆ ಪೆಟ್ಟಾಗಿತ್ತು. ಆಸ್ಪತ್ರೆಯಲ್ಲಿ ಅವನ ಹಿಂದೆ ಐಸಿಯು ಬಾಗಿಲು ಮುಚ್ಚಿತು. ಹೊರಗೆ ಕೂತವಳ ಫೋನಿಗೆ ನರ್ಸಮ್ಮ ಒಂದು ಆ್ಯಪ್ ಹಾಕಿ, ರೋಗಿಯ ಮನೆಯವರಿಗೆ ಇದು, ದಿನಾ ಒಂದು ಮುಖ ಒತ್ತು ಎಂದು ತೆಲುಗಿನಲ್ಲಿ ಹೇಳಿ ಓಡಿದಳು. ಮರುದಿನ ಬೆಳಿಗ್ಗೆ ಫೋನು ಕನ್ನಡದಲ್ಲೇ ಕೇಳಿತು: “ಇವತ್ತು ಹೇಗಿದ್ದೀರಿ?” ಕೆಳಗೆ ನಗುವ ಮುಖ, ಸುಮ್ಮನಿರುವ ಮುಖ, ಅಳುವ ಮುಖ.

ಹುಸೇನಮ್ಮನ ಬೆರಳು ಅಳುವುದರ ಕಡೆ ಹೋಯಿತು. ಪಕ್ಕದಲ್ಲಿದ್ದ ಸಾವಿತ್ರಿಬಾಯಿ ಥಟ್ಟನೆ ಅವಳ ಕೈ ಹಿಡಿದಳು. ಬೀದರಿನವಳು, ಬಟ್ಟೆ ಅಂಗಡಿಯ ಮನೆತನ. ಅವಳ ಗಂಡ ವೈಜನಾಥ ಒಳಗೆ ಹುಸೇನಪ್ಪನ ಪಕ್ಕದ ಮಂಚದಲ್ಲಿದ್ದ.

“ಏನ್ ಮಾಡ್ಲಾಕತ್ತಿ ತಂಗಿ? ಬ್ಯಾನಿ ಬಿದ್ದವರ ಹೆಸರಿಲೆ ಕಣ್ಣೀರು ಹಾಕಬಾರದಂತ ನಿಮ್ಮವ್ವ ಹೇಳಿಲ್ಲೇನು? ಇದು ಒಳಗಿನ ಮಷಿನಿಗೆ ಮುಟ್ಟತದ. ನಾ ದಿನಾ ನಗೂದೇ ಒತ್ತತೀನಿ.”

ಅವ್ವ ಹೇಳಿದ್ದಳು. ಹುಸೇನಮ್ಮ ನಗುವುದನ್ನೇ ಒತ್ತಿದಳು. “ಸಂತೋಷ” ಎಂದು ಫೋನು ಸುಮ್ಮನಾಯಿತು. ಅಂದಿನಿಂದ ದಿನವೂ ಅದೇ.

ನಕ್ಕಷ್ಟೂ ಒಳಗೆ ಹೆದರಿಕೆ ಬೆಳೆಯಿತು. ಲಿಫ್ಟಿನ ಸದ್ದಾದರೂ ಎದ್ದು ನಿಲ್ಲುತ್ತಿದ್ದಳು. ಸಂಜೆ ನೋಡಲು ಬಿಡುವ ಹೊತ್ತಿನಲ್ಲಿ ಬಾಗಿಲ ತನಕ ಹೋಗಿ ಮರಳುವಳು. ಅವನ ಮುಖ ಕಂಡರೆ ಅಳು ಬರುತ್ತದೆ, ಅತ್ತರೆ ಅವನು ಹೋಗುತ್ತಾನೆ. ಹೀಗೆ ಗಂಡನನ್ನು ಒಮ್ಮೆಯೂ ನೋಡಿರಲಿಲ್ಲ.

“ನಿನ್ನ ಗಂಡ ಹುಲಿಯೇನ, ಅಂಜಲಿಕ್ಕೆ?” ಎಂದು ಸಾವಿತ್ರಿಬಾಯಿ ಕೆಣಕಿದಳು.

“ಹುಲಿಹಾಂಗ ಇದ್ದಾಗ ಅಂಜಿಲ್ಲರಿ ಅಕ್ಕಾ. ಈಗ ಮಕ್ಕೊಂಡಾನ, ಅದಕ್ಕ ಅಂಜಿಕಿ.”

ಮಂಗಳವಾರ ಸಾವಿತ್ರಿಬಾಯಿ ಹೆರಳು ಹಾಕಿಕೊಳ್ಳುತ್ತಲೇ ನಗುವ ಮುಖ ಒತ್ತಿದಳು. ಪಕ್ಕದಲ್ಲಿಟ್ಟಿದ್ದ ಚಹಾ ಆರುವ ಮೊದಲೇ ಒಳಗೆ ಕರೆದರು. ಹೊರಬಂದವಳು ಅರ್ಧ ಹೆಣೆದ ಕೂದಲನ್ನು ಹಾಗೇ ಹಿಡಿದುಕೊಂಡು, “ನಾ ನಗೂದೇ ಒತ್ತಿದ್ದೆನಲ್ಲ ತಂಗಿ” ಎಂದಳು. ಮೈದುನರು ಬಂದು ವೈಜನಾಥನ ಹೆಣದ ಜೊತೆ ಅವಳನ್ನೂ ಕರೆದುಕೊಂಡು ಹೋದರು.

ಹುಸೇನಮ್ಮ ಅಂದು ಇನ್ನೂ ಒತ್ತಿರಲಿಲ್ಲ; ಫೋನು ಕೈಗೆತ್ತಿಕೊಂಡಳು. ನಗುವ ಮುಖ ಕಾಯದಿದ್ದರೆ ಇನ್ನು ಕಾಯುವುದು ಯಾವುದು? ಬೆರಳು ತಾನಾಗಿಯೇ ಅಳುವ ಮುಖದ ಮೇಲೆ ಬಿತ್ತು. ಒತ್ತಿದ್ದು ತಿಳಿದು, ಕಣ್ಣು ಮುಚ್ಚಿ ಐಸಿಯು ಬಾಗಿಲಿನ ಸದ್ದಿಗೆ ಕಿವಿಗೊಟ್ಟಳು.

ಸದ್ದು ಬಂದದ್ದು ಫೋನಿನಿಂದ. ಮುಗಿಯಿತು ಎಂದುಕೊಂಡು ಎತ್ತಲಿಲ್ಲ. ಮತ್ತೆ ಬಂದಾಗ ಎತ್ತಿದಳು.

“ನಾನು ನಲಿನಿ ರೀ ಅಮ್ಮಾ, ಮನಿಯವರನ್ನ ವಿಚಾರಸೂ ಆ್ಯಪ್‌ನಾಕಿ. ಒಳಗಿನ ಸುದ್ದಿ ಅಲ್ಲ, ಅಂಜಬ್ಯಾಡ್ರಿ. ನೀವು ಅಳೂ ಮುಖ ಒತ್ತೀರಿ, ಅದಕ್ಕ ಫೋನ್ ಮಾಡೀನಿ.”

“ತಪ್ಪಾತ್ರಿ ಯವ್ವಾ, ಅಳಿಸಿ ಬಿಡ್ರಿ. ಅವನಿಗೆ ತಟ್ಟತೈತಿ.”

“ಅವರಿಗೆ ಹೋಗೂದಿಲ್ಲರಿ, ನನಗ ಬರತೈತಿ. ಅದು ಕೇಳಿದ್ದು ನಿಮ್ಮನ್ನ.”

“ನನ್ನನ್ನ?”

ಇಷ್ಟು ದಿನದಲ್ಲಿ ನೀನು ಹೇಗಿದ್ದೀ ಎಂದು ಅವಳನ್ನು ಯಾರೂ ಕೇಳಿರಲಿಲ್ಲ. “ಭಾಳ ಅಂಜಿಕಿ ಆಗೈತ್ರಿ” ಎಂದಳು.

“ಅಂಜಿಕೊಂಡೇ ಒಳಗ ಹೋಗ್ರಿ. ಅವರು ಉಳೀತಾರ ಅಂತ ನಾ ಹೇಳಾಂಗಿಲ್ಲ. ಸಂಜಿಗೆ ಮತ್ತ ಫೋನ್ ಮಾಡ್ತೀನಿ, ಬಾಗಿಲ ತನಕ ಜೋಡಿ ಇರ್ತೀನಿ.”

ಸಂಜೆ ನಲಿನಿಯ ಫೋನು ಕಿವಿಗಿಟ್ಟುಕೊಂಡೇ ಬಾಗಿಲ ತನಕ ಬಂದು ಒಳಗೆ ಹೋದಳು. ವೈಜನಾಥನ ಮಂಚಕ್ಕೆ ಹೊಸ ಹಾಸಿಗೆ ಹಾಸಿದ್ದರು. ಹುಸೇನಪ್ಪನ ಮುಖ ಊದಿ ಗುರುತು ಸಿಗದಂತಾಗಿತ್ತು. ಸಿಮೆಂಟಿಗೆ ಒಡೆದ ಅಂಗಾಲು ಮಾತ್ರ ಅವನದೇ. ಹಿಡಿದಳು. ಕಣ್ಣೀರು ಅದರ ಮೇಲೆ ಬಿದ್ದಾಗ ಬೆಚ್ಚಿ ಮಷಿನಿನ ಕಡೆ ನೋಡಿದಳು. ಹಸಿರು ಗೆರೆ ಮೊದಲಿನಂತೆಯೇ ಏರಿ ಇಳಿಯುತ್ತಿತ್ತು. ಹೆದರಿಕೆ ಹೋಗಲಿಲ್ಲ. ಮರುಸಂಜೆಯೂ ಹೋದಳು, ಅದರ ಮರುಸಂಜೆಯೂ.

ಹುಸೇನಪ್ಪ ಹೋದದ್ದು ಶುಕ್ರವಾರ ಸಂಜೆ. ಅವನ ಪಾದ ಅವಳ ಕೈಯಲ್ಲಿತ್ತು.