ವೀಸಾ ಬಂತು, ಷರತ್ತು ಓದಲಿಲ್ಲ

ನಮ್ಮವರು ಯಾರಾದರೂ ವಿದೇಶಕ್ಕೆ ಹೊರಟರೆ ಸುದ್ದಿ ಹಬ್ಬಿಸಲು ಡಂಗುರ ಬೇಕಿಲ್ಲ. ಅವರೇ ಅವಧಿಗೆ ಮೊದಲು ಮರಳಿ ಬಂದರೆ? ಆಗ ಬಾಗಿಲು ಹಾಕಿಕೊಳ್ಳುತ್ತೇವೆ. ಬೀದಿ ಕೊನೆಯ ಕ್ಷೌರದಂಗಡಿಯವರೂ ಹಾಗೇ ಮಾಡಿದರು.

ಅವರ ಮಗಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಅವಳು ವರ್ಕಿಂಗ್ ಹಾಲಿಡೇ ವೀಸಾ ಪಡೆದು ಹೋಗಿದ್ದಳು. ದೇಶ ಸುತ್ತುತ್ತ, ಖರ್ಚಿಗೆ ಬೇಕಾದಷ್ಟು ದುಡಿದುಕೊಳ್ಳಲಿ ಎಂದು ಕೆಲವು ದೇಶಗಳು ಯುವಜನರಿಗೆ ಕೊಡುವ ವೀಸಾ ಅದು. "ನನ್ನ ಮಗಳು ಸುತ್ತಾಡ್ಕೊಂಡೇ ದುಡೀತಾಳೆ" ಎಂದು ಅಪ್ಪ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಅರ್ಧ ಗಡ್ಡ ಬಿಟ್ಟು ಎದ್ದು ಹೋಗಲು ಯಾರಿಗಾಗುತ್ತದೆ? ಎಲ್ಲರೂ ಕೇಳಿಸಿಕೊಂಡರು.

ವೀಸಾ ರದ್ದಾಗಿ ಗುಬ್ಬಿ ಮರಳಿದ ದಿನ ಅಪ್ಪ ಅವಳನ್ನು ಅಂಗಡಿಯ ಹಿಂದಿನ ಕೋಣೆಗೆ ಕಳಿಸಿದರು. "ಯಾರಾದ್ರೂ ಬಂದಾಗ ಈಚೆ ಬರಬೇಡ ಕಂದ. ನಾನು ಏನಂತ ಹೇಳ್ಲಿ?"

ಅಂದಿನಿಂದ ಅವಳು ಕೆಮ್ಮು ಬಂದರೂ ದಿಂಬಿಗೆ ಮುಖ ಒತ್ತಿಕೊಂಡು ಕೆಮ್ಮುತ್ತಿದ್ದಳು.

ಒಂದು ಬೆಳಿಗ್ಗೆ ಪಕ್ಕದಂಗಡಿಯ ದರ್ಜಿ ಬಂದು ಕುರ್ಚಿಯಲ್ಲಿ ಕೂತರು.

"ಅಣ್ಣಾ, ನನ್ನ ಮಗಳಿಗೂ ಅದೇ ವೀಸಾ ಬಂತು. ಅದೇ ದೇಶ!"

"ಒಳ್ಳೇದಾಯ್ತು" ಎಂದು ಕ್ಷೌರಿಕರು ಮುಖಕ್ಕೆ ನೊರೆ ಹಚ್ಚತೊಡಗಿದರು.

"ಗುಬ್ಬಿ ಇರೋ ಹೋಟೆಲಲ್ಲೇ ಇವಳಿಗೂ ಒಂದು ಕೆಲಸ ಕೊಡಿಸಿ. ವರ್ಷ ಪೂರ್ತಿ ಒಂದೇ ಕಡೆ ಇದ್ರೆ ನಮಗೂ ನೆಮ್ಮದಿ. ಅವಳು ಫೋನ್ ಮಾಡಿದಾಗ ಹೇಳ್ತೀರಾ?"

ಕ್ಷೌರಿಕರಿಗೆ ಕನ್ನಡಿಯಲ್ಲಿ ತಮ್ಮ ಮುಖ ನೋಡಲಾಗಲಿಲ್ಲ. "ಹೇಳ್ತೀನಿ" ಅಂದರು.

ಹಿಂದಿನ ಕೋಣೆಯ ಬಾಗಿಲು ತೆರೆಯಿತು. "ಹೇಳೋದು ಬೇಡ ಮಾಮ. ನಾನು ಇಲ್ಲೇ ಇದೀನಿ."

ದರ್ಜಿ ಮುಖದ ತುಂಬ ನೊರೆಯಿಟ್ಟುಕೊಂಡೇ ತಿರುಗಿದರು. ಗುಬ್ಬಿಯನ್ನೊಮ್ಮೆ, ಅವಳ ಅಪ್ಪನನ್ನೊಮ್ಮೆ ನೋಡಿದರು. ಭೂಮಿ ಬಾಯಿಬಿಟ್ಟು ತಮ್ಮನ್ನು ನುಂಗಬಾರದೇ ಅನ್ನಿಸಿತು ಅಪ್ಪನಿಗೆ.

"ಯಾವಾಗ ಬಂದೆ ಮಗಳೇ?"

"ಬಂದು ತುಂಬ ದಿನ ಆಯ್ತು. ವಾಪಸ್ ಕಳಿಸಿದ್ರು." ಗುಬ್ಬಿಯ ಕಣ್ಣು ನೆಲ ಬಿಟ್ಟು ಮೇಲೇಳಲಿಲ್ಲ. "ಒಬ್ಬ ಮಾಲೀಕರ ಹತ್ರ ಇಷ್ಟೇ ತಿಂಗಳು ಕೆಲಸ ಮಾಡ್ಬಹುದು ಅಂತ ಆ ವೀಸಾದಲ್ಲಿ ಇತ್ತು. ಆಮೇಲೂ ಇರ್ಬೇಕಂದ್ರೆ ಮೊದಲೇ ಅನುಮತಿ ಕೇಳ್ಬೇಕಿತ್ತು. ನಾನು ಷರತ್ತು ಓದ್ಲೇ ಇಲ್ಲ. ಹೋಟೆಲ್ ಯಜಮಾನಿ 'ಇಲ್ಲೇ ಇರು, ಯಾರು ಕೇಳ್ತಾರೆ' ಅಂದ್ರು, ಇದ್ಬಿಟ್ಟೆ. ತಪಾಸಣೆಗೆ ಬಂದೋರು ಕೇಳಿದ್ರು. ರೂಮಲ್ಲಿ ಹಾಸೋಕೆ ತಂದಿದ್ದ ಹಾಸಿಗೆ ಬಟ್ಟೆ ತಬ್ಕೊಂಡು ಅಳ್ತಾ ನಿಂತಿದ್ದೆ."

"ಇಷ್ಟಕ್ಕೇನಾ? ನೀನೇನು ಕಳ್ಳತನ ಮಾಡಿದ್ಯಾ? ಯಜಮಾನೀನೇ ಇರು ಅಂದ್ಮೇಲೆ ಇನ್ನೇನು?" ದರ್ಜಿಗೆ ನಂಬಿಕೆ ಬರಲಿಲ್ಲ.

"ಯಜಮಾನಿ ಕೆಲಸ ಕೊಡಬಹುದು ಮಾಮ, ವೀಸಾ ನಿಯಮ ಬದಲಾಯಿಸೋಕಾಗಲ್ಲ. ಯಾರ ಹೆಸರಲ್ಲಿ ವೀಸಾ ಇದೆಯೋ ಅವರೇ ಹೊಣೆ. ಈಗ ಕೆಲವು ವರ್ಷ ನಾನು ಅಲ್ಲಿಗೆ ಕಾಲಿಡೋ ಹಾಗಿಲ್ಲ."

"ಎಲ್ಲಾ ದೇಶದ್ದೂ ಒಂದೇ ನಿಯಮ ಅಂದ್ನಲ್ಲ ನಮ್ಗೆ ವೀಸಾ ಮಾಡಿಸ್ಕೊಟ್ಟ ಏಜೆಂಟು?"

"ಇಲ್ಲ ಮಾಮ. ವಯಸ್ಸಿನ ಮಿತಿ ಒಂದೊಂದು ಕಡೆ ಒಂದೊಂದು. ಕೆಲವು ಕಡೆ ಅಲ್ಲೇ ಓದೋಕೂ ಬಿಡ್ತಾರೆ, ಕೆಲವು ಕಡೆ ಬಿಡಲ್ಲ. ಒಂದೇ ದೇಶದಲ್ಲೂ ನಿಯಮ ಬದಲಾಗ್ತಿರುತ್ತೆ. ಏಜೆಂಟ್ ಮಾತಲ್ಲ, ಆ ದೇಶದ ಸರ್ಕಾರಿ ವೆಬ್‌ಸೈಟ್ ನೋಡ್ಬೇಕು."

ಅಪ್ಪ ಬ್ರಷ್ ಕೆಳಗಿಟ್ಟರು. "ಅವಳು ಗೊತ್ತಿಲ್ದೆ ತಪ್ಪು ಮಾಡಿದ್ಲು. ನಾನು ಗೊತ್ತಿದ್ದೂ ನಿಮ್ಮ ಹುಡುಗೀನ ಅದೇ ಗುಂಡಿಗೆ ತಳ್ತಿದ್ದೆ. ನನ್ನ ಮರ್ಯಾದೆ ಉಳೀಲಿ ಅಂತ."

ದರ್ಜಿ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಕೆನ್ನೆಯ ನೊರೆ ಒರೆಸಿಕೊಂಡು ತಮ್ಮ ಮಗಳಿಗೆ ಫೋನ್ ಮಾಡಿದರು. "ವೀಸಾ ಪತ್ರ ತಗೊಂಡು ಬಾ. ಗುಬ್ಬಿ ಇದಾಳೆ, ಕೂತು ಓದಿ."

ಹುಡುಗಿಯರಿಬ್ಬರೂ ಅಂಗಡಿಯ ಬೆಂಚಿನ ಮೇಲೆ ಕೂತು ಒಂದೊಂದೇ ಸಾಲು ಓದಿದರು. "ಇದನ್ನ ನಾನು ಪೂರ್ತಿ ತೆರೆದೇ ನೋಡಿರ್ಲಿಲ್ಲ ಕಣೇ" ಎಂದು ದರ್ಜಿಯ ಮಗಳು ನಾಚಿದಳು. ಒಬ್ಬ ಮಾಲೀಕರ ಬಳಿ ಇಷ್ಟೇ ತಿಂಗಳು ಎಂಬ ಮಿತಿ ಅವಳಿಗೂ ಇತ್ತು. ಅಲ್ಲಿರುವಷ್ಟು ಕಾಲಕ್ಕೂ ಆರೋಗ್ಯ ವಿಮೆ ಬೇಕಿತ್ತು, ಅವಳು ಮಾಡಿಸಿರಲಿಲ್ಲ. ಅರ್ಥವಾಗದ ಒಂದು ಷರತ್ತನ್ನು ತಾವೇ ಊಹಿಸದೆ ವೀಸಾ ಕಚೇರಿಗೇ ಬರೆದು ಕೇಳಿದರು.

ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದರು. "ಓಹೋ, ಮಗಳು ರಜಕ್ಕೆ ಬಂದ್ಲಾ?"

ಅಪ್ಪನ ಕಿವಿ ಕೆಂಪಾಯಿತು. ಆದರೂ ಹೇಳಿದರು: "ರಜಕ್ಕಲ್ಲ. ನಿಯಮ ತಪ್ಪಿದ್ದಕ್ಕೆ ವಾಪಸ್ ಕಳಿಸಿದ್ರು. ಕೂತ್ಕೊಳ್ಳಿ, ಹೇಳ್ತೀನಿ."

ದರ್ಜಿಯ ಮಗಳು ವಿಮೆ ಮಾಡಿಸಿಕೊಂಡೇ ಹೊರಟಳು. ಮಿತಿ ಮುಗಿಯುವ ಮುನ್ನವೇ ಮೊದಲ ಕೆಲಸ ಬಿಟ್ಟು, ಈಗ ಬೇರೆ ಊರಿನ ಬೇಕರಿಯಲ್ಲಿದ್ದಾಳೆ. ಗುಬ್ಬಿಗೆ ಈಗಲೂ ಕೆಲವರ ಎದುರು ತಲೆಯೆತ್ತಲು ಕಷ್ಟ. ಆದರೆ ಕೇಳಲು ಬಂದ ಯಾರನ್ನೂ ಅವಳು ಬರಿಗೈಯಲ್ಲಿ ಕಳಿಸುವುದಿಲ್ಲ.

ನಿಮ್ಮ ಮನೆಯಿಂದಲೂ ಯಾರಾದರೂ ಹೊರಡುವವರಿದ್ದಾರೆಯೇ? ಪೆಟ್ಟಿಗೆ ಕಟ್ಟುವ ಮುಂಚೆ ವೀಸಾದ ಷರತ್ತುಗಳನ್ನು ಪೂರ್ತಿ ಓದಿ. ಎಷ್ಟು ಕಾಲ ಇರಬಹುದು, ಯಾವ ಕೆಲಸ ಮಾಡಬಹುದು, ಒಬ್ಬರ ಬಳಿ ಎಷ್ಟು ತಿಂಗಳು, ತಿಳಿದುಕೊಳ್ಳಿ. ತಿಳಿಯದಿದ್ದರೆ ಆ ದೇಶದ ವೀಸಾ ಕಚೇರಿಯನ್ನೇ ಕೇಳಿ. ಇನ್ನು ಪೆಟ್ಟು ತಿಂದು ಮರಳಿದವರು ನಿಮ್ಮ ಮನೆಯಲ್ಲಿದ್ದರೆ, ದಯವಿಟ್ಟು ಅವರ ಬಾಯಿ ಮುಚ್ಚಿಸಬೇಡಿ. ನಾಳೆ ಹೊರಡುವ ಮಗುವೊಂದಕ್ಕೆ ಅವರ ಮಾತು ಬೇಕಾಗಿದೆ.