ಶವಪೆಟ್ಟಿಗೆಯ ಮೇಲಿನ ಕೋಳಿಮರಿ

ಲಿನಾವ್‌ಗನ್ ಪುರಸಭೆಯ ಗೋಡೆಗೆ ಹಳೆಯ ಮೇಯರ್‌ಗಳ ಪಟಗಳನ್ನು ಸಾಲಾಗಿ ತೂಗುಹಾಕಿದ್ದಾರೆ. ಅವರಲ್ಲಿ ಹಣ್ಣುಹಣ್ಣು ಮುದುಕರಾಗಿ ಸತ್ತವರು ಕಡಿಮೆ. ಅಲ್ಲಿಯ ಕಾನೂನು ಸರಳ: ಮೇಯರ್ ಸತ್ತರೆ ಆ ಕುರ್ಚಿಗೆ ಉಪಮೇಯರ್, ಉಪಮೇಯರ್ ಕುರ್ಚಿಗೆ ಅತಿ ಹೆಚ್ಚು ಮತ ಪಡೆದ ಕೌನ್ಸಿಲರ್. ಏಣಿಯ ಮೇಲಿದ್ದವನು ಬಿದ್ದರೆ ಕೆಳಗಿನವರು ಒಂದೊಂದು ಮೆಟ್ಟಿಲು ಹತ್ತುತ್ತಾರೆ. ಬೀಳಿಸಿದ್ದು ಯಾರೆಂದು ಏಣಿ ಕೇಳುವುದಿಲ್ಲ, ಹಾಳಾದ್ದು.

ಮೇಯರ್ ಬೆರ್ನಾಬೆಯನ್ನು ಕೋಳಿಅಂಕದ ಬಾಗಿಲಲ್ಲಿ, ಬೈಕಿನಲ್ಲಿ ಬಂದ ಇಬ್ಬರು ಗುಂಡಿಟ್ಟು ಕೊಂದರು. ನಾಳೆ ಉಪಮೇಯರ್ ಸಿಕ್ಸ್ತೊ ಮೇಯರ್ ಆಗುತ್ತಾನೆ, ಕೌನ್ಸಿಲರ್ ದೊಮಿತಿಲಾ ಉಪಮೇಯರ್ ಆಗುತ್ತಾಳೆ. ಕೊಲ್ಲಿಸಿದವನು ಸಿಕ್ಸ್ತೊನೇ ಎಂದು ಊರೆಲ್ಲ ಗುಸುಗುಸು. ಬೆರ್ನಾಬೆ ದೊಮಿತಿಲಾಳ ಮಗಳ ದೀಕ್ಷಾಸ್ನಾನಕ್ಕೆ ಧರ್ಮತಂದೆಯಾಗಿ ನಿಂತವನು. ಅವನನ್ನು ಕೊಂದವನ ಪಕ್ಕದಲ್ಲಿ ನಿಂತು ಪ್ರಮಾಣ ಮಾಡಲಾರೆ ಎಂದು ಅವಳು ಮನಸ್ಸು ಗಟ್ಟಿಮಾಡಿದ್ದಳು.

ಸಿಕ್ಸ್ತೊನನ್ನು ಪರೀಕ್ಷಿಸಲು ದಾರಿಯಿತ್ತು. ಆ ಊರಲ್ಲಿ ಕೊಲೆಯಾದವನ ಶವಪೆಟ್ಟಿಗೆಯ ಗಾಜಿನ ಮುಚ್ಚಳದ ಮೇಲೆ ಅಕ್ಕಿ ಚೆಲ್ಲಿ ಕೋಳಿಮರಿ ಬಿಡುತ್ತಾರೆ. ಅದು ಕುಕ್ಕಿದ ಒಂದೊಂದು ಕಾಳೂ ಕೊಂದವನ ಎದೆಯನ್ನು ಕುಕ್ಕುತ್ತದೆಂದು ನಂಬಿಕೆ. ಎಂಥ ಗಟ್ಟಿಗನೂ ಆ ಟಕಟಕ ಸದ್ದಿನ ಮುಂದೆ ನಿಲ್ಲಲಾರ.

ಮರಿ ತಂದುಕೊಟ್ಟವನು ಅವಳ ಗಂಡ ಹಿಲಾರಿಯೊ. ಕೋಳಿಗೂಡಿನ ಕಡೆ ತಿರುಗಿಯೂ ನೋಡದ ಆಸಾಮಿ ಬೆಳಿಗ್ಗೆ ಅಡುಗೆಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಮರಿಗೆ ಕೈಯಾರೆ ಅನ್ನ ತಿನ್ನಿಸುತ್ತಿದ್ದ. ಈ ಸಾವು ಇವನನ್ನೂ ಮೆತ್ತಗೆ ಮಾಡಿತಲ್ಲ ಎಂದು ದೊಮಿತಿಲಾಳ ಕರುಳು ಚುರುಕ್ ಎಂದಿತ್ತು.

ಮಧ್ಯಾಹ್ನ ಸತ್ತವನ ಮನೆಯ ಅಂಗಳದಲ್ಲಿ ಶವ ಕಾಯಲು ಬಂದವರ ಇಸ್ಪೀಟು, ಕಾಫಿ, ಹುರಿದ ಕಲ್ಲಂಗಡಿ ಬೀಜ ಜೋರಾಗಿದ್ದವು.

"ಬಂದ ನೋಡು ಹೊಸ ಸಾಹೇಬ," ಎಂದ ಇಸ್ಪೀಟಿನವನೊಬ್ಬ. "ಕುರ್ಚಿ ಅಳತೆ ತಗೊಂಡೇ ಬಂದಿರ್ತಾನೆ."

"ಮೆತ್ತಗೆ ಮಾತಾಡೋ. ನಿನ್ನ ಪೆಟ್ಟಿಗೆ ಅಳತೇನೂ ತಗೊಂಡಾನು."

ಸಿಕ್ಸ್ತೊ ನೇರವಾಗಿ ಮನೆಯೊಳಗೆ ಪೆಟ್ಟಿಗೆಯ ಬಳಿ ಹೋಗಿ ನಿಂತ. ಪಕ್ಕದಲ್ಲಿದ್ದ ದೊಮಿತಿಲಾ ಅವನ ಮುಖವನ್ನೇ ನೋಡಿದಳು. ಗಾಜಿನ ಮೇಲೆ ಬಿಟ್ಟಿದ್ದ ಮರಿ ಕಣ್ಣುಮುಚ್ಚಿ ತೂಕಡಿಸುತ್ತಿತ್ತು, ಕುಕ್ಕಲೇ ಇಲ್ಲ. ಸಿಕ್ಸ್ತೊ ಬೆರಳಿನಿಂದ ಅಕ್ಕಿಯನ್ನು ಅದರ ಮುಂದೆ ತಳ್ಳಿದ.

"ಕುಕ್ಕೋ ಪುಟ್ಟಾ," ಎಂದ ಮರಿಯತ್ತ ಬಾಗಿ. "ಯಾವ ಪಾಪಿನೋ, ಅವನೆದೆ ತೂತಾಗೋ ಹಾಗೆ ಕುಕ್ಕು."

ಕೊಲ್ಲಿಸಿದವನು ಹೀಗೆ ಬೇಡಿಕೊಳ್ಳುತ್ತಾನೆಯೇ? ದೊಮಿತಿಲಾಳ ಎದೆಯ ಮೇಲಿನ ಕಲ್ಲು ಇಳಿಯಿತು. ನಾಳೆ ಪ್ರಮಾಣ ಮಾಡಬಹುದು.

ಬೆರ್ನಾಬೆಯ ಹೆಂಡತಿ ಪುರಿಟಾ ಮರಿಯನ್ನು ಎತ್ತಿಕೊಂಡು ಕತ್ತಿನ ಕೆಳಗೆ ಒತ್ತಿ ನೋಡಿದಳು.

"ಇದರ ಗಂಟಲಚೀಲ ಒಡೆಯೋ ಹಾಗಿದೆ! ಪೆಟ್ಟಿಗೆ ಮೇಲೆ ಬಿಡೋ ಮರಿನ ಹಸಿವಲ್ಲಿಡಬೇಕು ಅಂತ ಎಳೆಮಕ್ಕಳಿಗೂ ಗೊತ್ತು. ಯಾರವ್ವಾ ಇದಕ್ಕೆ ಹೀಗೆ ತುರುಕಿದ್ದು?"

ದೊಮಿತಿಲಾ ಗಂಡನ ಕಡೆ ತಿರುಗಿದಳು. ಹಿಲಾರಿಯೊ ಹೊಸ್ತಿಲ ಆಚೆ ನಿಂತಿದ್ದ. ಬಂದಾಗಿನಿಂದ ಅವನು ಒಳಗೆ ಕಾಲಿಟ್ಟಿರಲೇ ಇಲ್ಲ.

"ನಮ್ಮವಳೇ ಇರಬೇಕು ಅತ್ತಿಗೆ," ಎಂದು ಅವನು ನಕ್ಕ. "ಯಾವ ಜೀವ ಹಸಿದಿದ್ರೂ ಇವಳ ಕೈಲಿ ನೋಡೋಕಾಗಲ್ಲ."

ಅಲ್ಲಿದ್ದವರೂ ನಕ್ಕರು. ಅಲ್ಲ, ಇವನೇ ಎನ್ನಬೇಕೆಂದು ದೊಮಿತಿಲಾ ಬಾಯಿ ತೆರೆದಳು. ಗಂಡ ಅವಳನ್ನೇ ನೋಡುತ್ತಿದ್ದ. ಅವಳು ಹೆದರಿ, ತೆರೆದ ಬಾಯಿಗೆ ಕೈಯಲ್ಲಿದ್ದ ಕಾಫಿ ಲೋಟ ಇಟ್ಟುಕೊಂಡಳು.

ಹೊರಡುವಾಗ ಸಿಕ್ಸ್ತೊ ಅವಳ ಕೈ ಹಿಡಿದ. "ನಾಳೆ ಬರ್ತೀಯ ತಾನೇ ಅಕ್ಕಾ? ನೀನೊಬ್ಬಳು ಪಕ್ಕದಲ್ಲಿದ್ರೆ ನನಗೆ ಧೈರ್ಯ."

"ಬರದೆ ಏನು? ನಾನೇ ಕರ್ಕೊಂಡು ಬರ್ತೀನಿ," ಎಂದ ಹಿಲಾರಿಯೊ. ಉಪಮೇಯರ್‌ಗೂ ಮೇಯರ್‌ಗೂ ನಡುವೆ ಒಂದೇ ಮೆಟ್ಟಿಲೆಂದು ದೊಮಿತಿಲಾಳಿಗೆ ಆಗ ಹೊಳೆಯಿತು.

"ಬೇರೆ ಮರಿ ಇದ್ರೆ ಕೊಡಪ್ಪಾ," ಎಂದಳು ಪುರಿಟಾ.

ಹಿಲಾರಿಯೊ ಅಂಗಳ ದಾಟುತ್ತಿದ್ದ ಸಿಕ್ಸ್ತೊನ ಬೆನ್ನನ್ನೇ ನೋಡುತ್ತಿದ್ದ.

"ಅದಕ್ಕೇನು ಬರ ಅತ್ತಿಗೆ? ನಮ್ಮ ಗೂಡಲ್ಲಿ ಮರಿಗಳು ಇನ್ನೂ ಬೇಕಾದಷ್ಟಿವೆ."